ದೀಪಾವಳಿಯ ರೋಜಾ

ದೀಪಾವಳಿಗೆ ಆರೇ ದಿನ ಉಳಿದಿದ್ದವು. ಮಳೆ ಹಿಂದೆ ಸರಿದು, ಮುಂಬಯಿಯ ಮೇಲೆ ಅಕ್ಟೋಬರದ ಬೆವರು ಸೆಕೆ ಬಂದು ಕೂತಿತ್ತು. ಊರ ಕಡೆ ಬಿಳಿಜೋಳ ಬಿತ್ತುವ ಹೊತ್ತು. ಜೋಗೇಶ್ವರಿಯ ಈ ಕಾರಖಾನೆಯಲ್ಲಿ ಮಾತ್ರ ಕುರ್ತಾಗಳ ಸುಗ್ಗಿ. ತಗಡಿನ ಮಾಡಿನ ಕೆಳಗೆ ಹದಿನೆಂಟು ಹೊಲಿಗೆ ಯಂತ್ರಗಳು ಬೆಳಗಿನಿಂದ ಒಂದೇ ಸಮನೆ ಗುರುಗುಟ್ಟುತ್ತಿದ್ದವು. ಹೊಲಿದು ಬಂದ ಬಟ್ಟೆಯ ರಾಶಿಯ ಸುತ್ತ ಐದು ಜನ ಹೆಂಗಸರು, ಕಣದಲ್ಲಿ ಶೇಂಗಾ ಬಿಡಿಸಲು ಕೂತವರ ಹಾಗೆ ಕೂತು, ಸಣ್ಣ ಕತ್ತರಿಗಳಿಂದ ದಾರದ ತುದಿ ಕತ್ತರಿಸುತ್ತಿದ್ದರು.

ನಾಲ್ವರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಅಜೀಜಾಬಿ ಒಬ್ಬಳೇ ಕಬ್ಬಿಣದ ಪೆಟ್ಟಿಗೆಯ ಮೇಲೆ. ಶ್ರಾವಣದಲ್ಲಿ ಆಕೆಯ ಕೆಳಗಿನ ಸ್ಟೂಲು ಚಟ್ಟನೆ ಸೀಳಿ ಆಕೆ ನೆಲಕ್ಕೆ ಬಿದ್ದಿದ್ದಳು. ಎಬ್ಬಿಸಲು ಮೂವರು ಬೇಕಾಯಿತು. "ಭೂಮಿ ಗಟ್ಟಿ ಅದ ಪಾ, ಉಳೀತು!" ಎಂದಿದ್ದಳು ಇಂದ್ರಾಬಾಯಿ. ಎರಡು ದಿನ ಯಂತ್ರಗಳ ಸಪ್ಪಳದ ಮೇಲೂ ನಗೆ ಕೇಳಿಸುತ್ತಿತ್ತು. ಅಜೀಜಾಬಿಯೂ ನಕ್ಕಿದ್ದಳು. ಆಮೇಲೆ ಮನೆಗೆ ಹೋಗಿ ಗಂಡ ಮಜೀದನ ಮುಂದೆ ಕೂಡ ಅದನ್ನು ಹೇಳಿರಲಿಲ್ಲ.

ಆ ವಾರವೇ ದವಾಖಾನೆಯ ತೂಕದ ಯಂತ್ರ ತೊಂಬತ್ತೊಂದು ತೋರಿಸಿತ್ತು. ಮೊಣಕಾಲು ಸವೆದಿದೆ, ಸಕ್ಕರೆ ಹೊಸ್ತಿಲಿಗೆ ಬಂದು ನಿಂತಿದೆ, ದೀಪಾವಳಿ ಮುಗಿಸಿ ಬರುವಾಗ ಐದು ಕಿಲೋ ಇಳಿದಿರಬೇಕು ಎಂದಿದ್ದಳು ಡಾಕ್ಟರಮ್ಮ. ಮಧ್ಯಾಹ್ನಕ್ಕೆ ಒಂದು ರೊಟ್ಟಿ, ಸೊಪ್ಪಿನ ಪಲ್ಯ, ಅದರ ಮೇಲೆ ಮೊಣಕಾಲಿನ ಗುಳಿಗೆ. ಎರಡು ತಿಂಗಳಲ್ಲಿ ಮೂರು ಕಿಲೋ ಇಳಿದಿತ್ತು. ಉಳಿದ ಎರಡು ಕಿಲೋಗಳ ದಾರಿಗೆ ಅಡ್ಡವಾಗಿ ದೀಪಾವಳಿ ನಿಂತಿತ್ತು.

ಈ ಕಾರಖಾನೆಯಲ್ಲಿ ಹಬ್ಬಕ್ಕೆ ಮೊದಲು ಹೆಂಗಸರು ಪಾಳಿಯ ಮೇಲೆ ಮನೆಯ ತಿಂಡಿ ತರುವುದು ರೂಢಿ. ಒಬ್ಬಳ ಡಬ್ಬಿಗೆ ಕೈ ಹಾಕದಿದ್ದರೆ ಅವಳ ಮನೆಯನ್ನೇ ಹಳಿದಂತೆ. ಮೊದಲ ಪಾಳಿ ಇಂದ್ರಾಬಾಯಿಯದು. ಜತ್ತದ ಕಡೆಯವಳು, ಮರಾಠಿ ಬೆರೆತ ಕನ್ನಡ, ಜೋರು ಬಾಯಿ. ಬೇಸನ್ ಉಂಡಿಯ ಡಬ್ಬಿ ತೆರೆದು ಅಜೀಜಾಬಿಯ ಮೂಗಿನ ಕೆಳಗೇ ಹಿಡಿದಳು.

"ತಗೋ ಬೀಬಿ. ನಿನ್ನ ಸಲುವಾಗಿ ಒಂದ ದೊಡ್ಡದು ಕಟ್ಟೀನಿ."

"ನನಗ ಬ್ಯಾಡವ್ವಾ."

"ಯಾಕ, ಹೊಟ್ಟಿ ಕರಗಸಾಕ ಹತ್ತೀ ಏನ? ಅಗ ಬಾಯಿ! ಹೀರೋಯಿನ್ ಆಗತಾಳ ನೋಡ್ರಿ ಈಕಿ!"

ನಾಲ್ಕೂ ಸ್ಟೂಲುಗಳಿಂದ ನಗೆ ಏಳುವುದರಲ್ಲಿತ್ತು. ಅಜೀಜಾಬಿಗೆ ಶ್ರಾವಣದ ಆ ನೆಲ ಮತ್ತೆ ಬೆನ್ನಿಗೆ ತಾಗಿದಂತಾಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ರೋಜಾ ಅದೀನಿ. ರಂಜಾನದಾಗ ಏಳು ರೋಜಾ ತಪ್ಪಿದ್ವು. ತೀರಸಾಕ ಹತ್ತೀನಿ."

ಏಳು ತಪ್ಪಿದ್ದು ಖರೆ. ಜ್ವರದಲ್ಲಿ ಬಿದ್ದು ಬಿಟ್ಟ ಉಪವಾಸಗಳು. ಮುಂದಿನ ರಂಜಾನಿನೊಳಗೆ ತೀರಿಸಬೇಕಾದ ಸಾಲ. ತೀರಿಸಲು ಹತ್ತಿದ್ದು ಮಾತ್ರ ಸುಳ್ಳು.

ಇಂದ್ರಾಬಾಯಿಯ ಕೈ ಹಿಂದಕ್ಕೆ ಸರಿಯಿತು. ನಾಲಿಗೆ ಕಚ್ಚಿ ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾತವ್ವಾ. ನೇಮದಾಕಿ ಮುಂದ ಡಬ್ಬಿ ತಗದೆ ನಾ."

ಪಕ್ಕದಲ್ಲಿ ಕೂತಿದ್ದ ನೀಲಾವತಿ ಕತ್ತರಿ ಕೆಳಗಿಟ್ಟಳು. ಅಫಜಲಪುರದ ಕಡೆಯವಳು, ಮಾತು ಕಡಿಮೆ. ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ರಾಶಿಗೆ ಕೂತವರು.

"ರೋಜಾ ಎಷ್ಟಕ್ಕ ಬಿಡ್ತೀ?"

"ಆರೂ ಹತ್ತಕ್ಕ."

"ಕೆಲಸ ಬಿಡೂದ ಏಳಕ್ಕ. ದಾರ್ಯಾಗ ಹೊತ್ತು ಮೀರಬಾರದು. ಇಲ್ಲೇ ಬಿಡು, ನಾವೆಲ್ಲಾ ಅದೀವಿ."

ಅಂದು ಸಂಜೆ ಆರು ಹತ್ತಕ್ಕೆ ಸೂಪರ್‌ವೈಸರ್ ಭೀಮರಾಯ ಮೇನ್ ಸ್ವಿಚ್ಚು ಆರಿಸಿದ. ಹದಿನೆಂಟು ಯಂತ್ರಗಳೂ ಒಮ್ಮೆಲೇ ನಿಂತವು. ಹಬ್ಬದ ತರಾತುರಿಯಲ್ಲಿ ಊಟಕ್ಕೂ ಹೀಗೆ ನಿಲ್ಲುತ್ತಿರಲಿಲ್ಲ. ನೀಲಾವತಿ ರಸ್ತೆಯ ಗಾಡಿಯಿಂದ ಖರ್ಜೂರ ತಂದಿದ್ದಳು. ಸ್ಟೀಲಿನ ತಾಟಿನಲ್ಲಿ ಖರ್ಜೂರದ ಹಿಂದೆ ನಾಲ್ಕು ಉಂಡಿ, ಒಂದು ಹಿಡಿ ಚೂಡಾ. ಎಲ್ಲರ ಕಣ್ಣೂ ತಾಟಿನ ಮೇಲೆ. ಬೆಳಿಗ್ಗೆ ಒಂದು ಉಂಡಿ ಬೇಡವೆಂದವಳು ಸಂಜೆಗೆ ನಾಲ್ಕನ್ನೂ ತಿನ್ನಬೇಕಾಯಿತು. ಹಸಿದವಳು ತಿನ್ನುವ ಹಾಗೆ ತಿನ್ನಬೇಕಾಯಿತು.

ಆದರೆ ಉಂಡಿಗಿಂತ ಮೊದಲು ನೀಲಾವತಿ ಕಿವಿಯ ಹತ್ತಿರ ಬಾಗಿದ್ದಳು.

"ರೋಜಾ ಬಿಡೋ ಹೊತ್ತಿನ್ಯಾಗ ಬೇಡಿಕೊಂಡದ್ದು ಖಾಲಿ ಹೋಗೂದಿಲ್ಲಂತ, ಹೌದ?"

"ಹಂಗ ಅಂತಾರ."

"ನನ್ನ ಮಗಳ ಸಲುವಾಗಿ ಒಂದ ಮಾತು ಬೇಡ್ಕೋ."

ಮಗಳು ಥಾಣೆಯ ಕಡೆ ಒಂದು ದವಾಖಾನೆಯಲ್ಲಿ ಮಲಗಿದ್ದಳು. ಎರಡು ಬಸಿರು ನಿಲ್ಲದೆ ಹೋಗಿ ಇದು ಮೂರನೆಯದು, ಎಂಟನೇ ತಿಂಗಳು. ಎದ್ದು ಕೂಡಬಾರದು ಎಂದು ಹೇಳಿದ್ದರು. ಅಜೀಜಾಬಿ ಎರಡೂ ಕೈ ಎತ್ತಿದಳು. ಮಧ್ಯಾಹ್ನ ಕದ್ದು ರೊಟ್ಟಿ ತಿಂದ ಕೈಗಳು. ಎದುರಿಗೆ ನೀಲಾವತಿ ಕಣ್ಣು ಮುಚ್ಚಿ ತಾನೂ ಕೈ ಮುಗಿದು ನಿಂತಿದ್ದಳು. ಏನು ಬೇಡಿದಳೋ ಅಜೀಜಾಬಿಗೇ ತಿಳಿಯಲಿಲ್ಲ. ತುಟಿ ಮಾತ್ರ ಅಲುಗಿದವು.

ಮರುದಿನ ಹೇಳಿಬಿಡಬೇಕೆಂದುಕೊಂಡಳು. ಇಲ್ಲವೆ ಖರೆಯಾಗಿಯೇ ರೋಜಾ ಹಿಡಿದುಬಿಡಬೇಕೆಂದುಕೊಂಡಳು. ಆದರೆ ಗುಳಿಗೆ ಖಾಲಿ ಹೊಟ್ಟೆಗೆ ಆಗುತ್ತಿರಲಿಲ್ಲ. ಗುಳಿಗೆ ತಪ್ಪಿದರೆ ಜೋಪಡಪಟ್ಟಿಯ ತನ್ನ ಮನೆಯ ಏರು ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ಹೀಗೆ ಆಗದ್ದಕ್ಕೆ ಆಗದ್ದನ್ನು ಜೋಡಿಸಿಕೊಂಡು, ಮಧ್ಯಾಹ್ನ ನಮಾಜಿನ ನೆವ ಹೇಳಿ, ಸಾಮಾನು ಇಡುವ ಅಟ್ಟಕ್ಕೆ ಹೋಗಿ, ಬಟ್ಟೆಯ ಥಾನುಗಳ ಹಿಂದೆ ಕೂತು ರೊಟ್ಟಿ ತಿಂದಳು. ನಮಾಜೂ ಆಗಲಿಲ್ಲ. ತಿಂದ ಬಾಯಿ ಒರೆಸಿಕೊಂಡು ಚಾದರ ಹಾಸುವ ಧೈರ್ಯ ಬರಲಿಲ್ಲ. ಅಂದು ಸಂಜೆ ತಾಟಿನಲ್ಲಿ ಕರ್ಚಿಕಾಯಿ. ನೀಲಾವತಿ ತಾನು ಬೆಳಗಿನಿಂದ ಅಜೀಜಾಬಿಯ ಮುಂದೆ ಚಹಾ ಕೂಡ ಕುಡಿದಿರಲಿಲ್ಲ. ಹೊರಗೆ ಹೋಗಿ ಕುಡಿದು ಬರುತ್ತಿದ್ದಳು.

ಮೂರನೆಯ ದಿನ ಕಾರಖಾನೆಯ ಸೇಠ ಕಳಿಸಿದ ಮಿಠಾಯಿ ಬಂತು. ಆಳಿಗೊಂದರಂತೆ ಅರ್ಧ ಅರ್ಧ ಕಿಲೋ ಮೋತಿಚೂರ ಉಂಡಿಯ ಡಬ್ಬಿಗಳು. ಸಂಜೆ ಹಂಚಬೇಕೆಂದು ಭೀಮರಾಯ ಅವನ್ನು ಅಟ್ಟದಲ್ಲೇ ಒಟ್ಟಿಸಿದ.

ಮಧ್ಯಾಹ್ನ ಅಜೀಜಾಬಿ ಅಲ್ಲಿ ರೊಟ್ಟಿ ತಿಂದು ಗುಳಿಗೆ ನುಂಗಿದಳು. ತಗಡಿನ ಕಾವಿಗೆ ಡಬ್ಬಿಗಳೊಳಗಿನ ತುಪ್ಪ ಕರಗಿ, ಅಟ್ಟವೆಲ್ಲ ಮದುವೆ ಮನೆಯ ಅಡುಗೆ ಚಪ್ಪರದಂತೆ ಘಮಘಮಿಸುತ್ತಿತ್ತು. ಎರಡು ತಿಂಗಳು ಕಟ್ಟಿಹಾಕಿದ್ದ ಬಾಯಿ. ಇದರಲ್ಲಿ ಒಂದು ನನ್ನದೇ ಅಲ್ಲವೇ, ಸಂಜೆ ಕೊಡುವುದನ್ನು ಈಗ ತೆಗೆದೆ ಅಷ್ಟೇ ಎಂದುಕೊಂಡಳು. ಒಂದೇ ಎಂದುಕೊಂಡಳು. ಮೊದಲನೆಯದು ನಾಲಿಗೆಯ ಮೇಲೆ ಕರಗಿದ್ದೂ ತಿಳಿಯಲಿಲ್ಲ. ಎರಡನೆಯದಕ್ಕೆ ರುಚಿ ತಿಳಿಯಿತು. ಆಮೇಲಿನವಕ್ಕೆ ರುಚಿಯೂ ಇರಲಿಲ್ಲ, ಹಸಿವೂ ಇರಲಿಲ್ಲ. ಕೈ ಹೋಗುತ್ತಿತ್ತು, ಬಾಯಿ ತೆರೆಯುತ್ತಿತ್ತು. ಆರನೆಯದು ಬಾಯೊಳಗಿರುವಾಗ ಯಾಕೋ ತಲೆ ಎತ್ತಿದಳು.

ಅಟ್ಟದ ಬಾಗಿಲಲ್ಲಿ ನೀಲಾವತಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಮೊಬೈಲು. ಈಗ ಬಂದವಳಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ಕಾದು ನಿಂತವಳು.

"ನಮಾಜ ಮುಗೀಲಿ ಅಂತ ನಿಂತಿದ್ದೆ" ಎಂದಳು.

ಅಜೀಜಾಬಿಯ ಬಾಯಿ ತುಂಬಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಗಲ್ಲ ಉಬ್ಬಿಸಿಕೊಂಡು, ಕದ್ದ ಹುಡುಗಿಯ ಹಾಗೆ, ನಲವತ್ತಾರರ ಹೆಂಗಸು ಕೂತಲ್ಲೇ ಕೂತಳು. ಬೆರಳುಗಳ ಮೇಲೆ ಕೇಸರಿ ಬಣ್ಣದ ತುಪ್ಪ.

"ಅಳಿಯನ ಫೋನ್ ಬಂದಿತ್ತು. ಬ್ಯಾನಿ ಚಾಲೂ ಆಗ್ಯಾವಂತ. ದಿನಾ ತುಂಬಿಲ್ಲ." ನೀಲಾವತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನೀ ಚಾದರದ ಮ್ಯಾಲ ಇರ್ತಿ, ಅಲ್ಲೇ ಒಂದ ಮಾತು ಹಾಕು ಅನ್ನಾಕ ಬಂದಿದ್ದೆ."

ಮಾತು ಮುಗಿಸಿ, ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿದು ಹೋದಳು. ಅಜೀಜಾಬಿ ಬಾಯೊಳಗಿನದನ್ನು ಹಾಳೆಗೆ ಉಗುಳಿ ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಅವಳು ಗೇಟು ದಾಟಿ ಸ್ಟೇಷನ್ನಿನ ಕಡೆ ಅರ್ಧ ಓಡುತ್ತ ಹೋಗುತ್ತಿದ್ದಳು.

ಆರು ಹತ್ತಕ್ಕೆ ಯಂತ್ರಗಳು ನಿಂತವು. ಇಂದ್ರಾಬಾಯಿ ತಾಟು ತಂದಿಟ್ಟಳು. "ನೀಲಾ ಹೋಗಬೇಕಾದ್ರ ಹೇಳಿ ಹೋಗ್ಯಾಳ, ಬೀಬಿ ತಾಟು ತಪ್ಪಸಬ್ಯಾಡ ಅಂತ. ಅಂಥಾ ಗಡಬಡ್ಯಾಗ ಸೈತ ನೆನಪಿಟ್ಟಾಳ ನೋಡು."

ಬಾಗಿಲಲ್ಲಿ ನಿಂತು ನೋಡಿದವಳು ಕೆಳಗೆ ಬಂದು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಇವರು ನಗುತ್ತಿದ್ದರು, ಶ್ರಾವಣದಲ್ಲಿ ನಕ್ಕ ಹಾಗೆ, ಎರಡು ದಿನ. ನಗೆ ಎಷ್ಟು ಹಗುರಾಗಿತ್ತು ಎಂದು ಅಜೀಜಾಬಿಗೆ ಈಗ ತೋರಿತು. ತಾಟನ್ನು ದೂಡಿದಳು.

"ಇವತ್ತು ನಂದು ರೋಜಾ ಇಲ್ಲ."

"ಯಾಕ ಬೀಬಿ?" ಎಂದ ಭೀಮರಾಯ ಸ್ವಿಚ್ಚಿನ ಹತ್ತಿರದಿಂದ.

"ಅದನ್ನ ಕೇಳ್ತಾರೇನೋ ಮಾರಾಯಾ!" ಇಂದ್ರಾಬಾಯಿ ಗದರಿದಳು. "ಹೆಂಗಸರದು ಏನೇನೋ ಇರ್ತದ. ಹಚ್ಚು, ಮಷೀನ್ ಹಚ್ಚು."

ಯಂತ್ರಗಳು ಹೊರಟವು. ಹೇಳಬೇಕೆಂದು ತೆರೆದ ಬಾಯಿಯನ್ನು ಅಜೀಜಾಬಿ ಮುಚ್ಚಿಕೊಂಡಳು. ಮತ್ತೊಮ್ಮೆ ತೆರೆಯಬಹುದಿತ್ತು. ತೆರೆಯಲಿಲ್ಲ.

ಮರುದಿನ ಗುಳಿಗೆ ಬಿಟ್ಟು ರೋಜಾ ಹಿಡಿದಳು. ಅದರ ಮರುದಿನವೂ. ಯಾರಿಗೂ ಹೇಳಲಿಲ್ಲ, ಯಂತ್ರಗಳು ನಿಲ್ಲಲಿಲ್ಲ. ಆರು ಹತ್ತಕ್ಕೆ ಆ ಸಪ್ಪಳದೊಳಗೇ ನಲ್ಲಿಯ ನೀರು ಕುಡಿದು, ನೀಲಾವತಿಯ ಮಗಳ ಹೆಸರು ಹಿಡಿದು ಬೇಡಿಕೊಂಡಳು. ಮೆಟ್ಟಿಲು ಹತ್ತುವಾಗ ಮಜೀದ ತೋಳು ಹಿಡಿಯಬೇಕಾಯಿತು.

ಹಬ್ಬದ ಹಿಂದಿನ ದಿನ ನೀಲಾವತಿ ಬಂದಳು. ಕಣ್ಣ ಕೆಳಗೆ ಕಪ್ಪು, ಸೀರೆ ಮೂರು ದಿನದ್ದು. ಹುಡುಗಿ ಹುಟ್ಟಿದೆ, ಒಂದೂವರೆ ಕಿಲೋ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಉಳಿಯುತ್ತದೆ ಅಂದಿದ್ದಾರೆ ಎಂದು ಎಲ್ಲರಿಗೂ ಹೇಳಿದಳು. ಇಂದ್ರಾಬಾಯಿ ಕುಣಿದೇ ಬಿಟ್ಟಳು. ಆಮೇಲೆ ನೀಲಾವತಿ ತನ್ನ ಸ್ಟೂಲಿನ ಮೇಲೆ, ಅಜೀಜಾಬಿಯ ಪಕ್ಕದಲ್ಲೇ, ಕತ್ತರಿ ಹಿಡಿದು ಕೂತಳು. ಎರಡು ಕುರ್ತಾ ಮುಗಿಸಿದಳು.

"ನೀಲಕ್ಕಾ, ನಾ ಅವತ್ತು..."

"ತಿಂದದ್ದಕ್ಕ ನನಗೇನೂ ಇಲ್ಲ" ಎಂದಳು ನೀಲಾವತಿ, ದಾರ ಕತ್ತರಿಸುತ್ತಲೇ. "ಡಬ್ಬಿ ಕಂಡ್ರ ಯಾರ ಬಾಯಾಗ ನೀರು ಬರೂದಿಲ್ಲ. ಎರಡ ತಿಂಗಳಿಂದ ನಿನ್ನ ಒಂದ ರೊಟ್ಟಿ, ಗುಳಿಗಿ ನಾ ನೋಡೀನಿ. ಡಾಕ್ಟರ್ ಹೇಳ್ಯಾಳ, ತೂಕ ಇಳಸಬೇಕು ಅಂತ ನೀ ಅಂದಿದ್ರ ನಾನ ಇಂದ್ರೀ ಡಬ್ಬಿ ಮುಚ್ಚತಿದ್ದೆ. ಕೂಡಿ ಕೂತು ಒಂಬತ್ತು ವರ್ಷ ಆತು."

"ನಗ್ತೀರಿ ಅಂತ..."

"ನಾ ನಕ್ಕಿದ್ನೇನು?"

ಅಜೀಜಾಬಿ ನೆನೆದಳು. ಶ್ರಾವಣದಲ್ಲಿ ಎಬ್ಬಿಸಿದ ಮೂವರಲ್ಲಿ ಇವಳೂ ಒಬ್ಬಳು. ನಕ್ಕಿರಲಿಲ್ಲ.

"ನೀ ಕೈ ಎತ್ತಿದ್ದನ್ನ ನಾ ಮಗಳಿಗೆ ಹೇಳಿದ್ದೆ" ಎಂದಳು ನೀಲಾವತಿ. "ಎರಡ ದಿನಾನೂ ಫೋನ್ ಮಾಡಿ ಹೇಳಿದ್ದೆ. ಅದನ್ನ ಹಿಡಕೊಂಡ ಆಕಿ ಬ್ಯಾನಿ ತಿಂದಾಳ. ಒಬ್ಬಾಕಿ ಮುಸಲರ ಅವ್ವ ನನ್ನ ಸಲುವಾಗಿ ಉಪವಾಸ ಕೂತಾಳ ಅಂತ ನರ್ಸ್ ಮುಂದ ಹೇಳಾಕ ಹತ್ತಿದ್ಳು."

ಅಜೀಜಾಬಿಯ ಕತ್ತರಿ ನಿಂತಿತು. "ಈಗ ಖರೇನ ಹಿಡದೀನಿ ನೀಲಕ್ಕಾ. ಎರಡಾದ್ವು. ಇವತ್ತ ಮೂರು."

ನೀಲಾವತಿ ಮೊದಲ ಸಲ ಆಕೆಯ ಮುಖ ನೋಡಿದಳು. ಒಣಗಿದ ತುಟಿ ನೋಡಿದಳು, ಬಾತುಕೊಂಡಿದ್ದ ಮೊಣಕಾಲು ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಗುಳಿಗಿ ತಗೋ" ಎಂದಳು. "ಕಾಲು ಹೋದ್ರ ಯಾರು ನೋಡ್ತಾರ."

"ಮಗಳಿಗೆ ನಾನ ಹೇಳಲೇನು? ತಪ್ಪಾತು ಅಂತ?"

"ಏನೂ ಹೇಳಬ್ಯಾಡ." ಅವಳ ದನಿ ಅಷ್ಟೊತ್ತಿನಲ್ಲಿ ಒಮ್ಮೆ ಮಾತ್ರ ಗಟ್ಟಿಯಾಯಿತು. "ಗಾಜಿನ ಪೆಟ್ಟಿಗ್ಯಾಗಿಂದ ಕೂಸು ಹೊರಗ ಬಂದ ದಿನಾ ಮೊದಲು ನಿನ್ನ ಮನಿಗೆ ಕರಕೊಂಡ ಬರ್ತೀನಿ ಅಂದಾಳ. ನಿನ್ನ ಕೈ ತಲಿ ಮ್ಯಾಲ ಇಡಸಬೇಕಂತ. ಬಂದ್ರ ಇಡು."

"ಹೆಂಗ ಇಡ್ಲಿ ನೀಲಕ್ಕಾ?"

ನೀಲಾವತಿ ಬಗ್ಗಿ, ರಾಶಿಯಿಂದ ಒಂದು ತೆಕ್ಕೆ ಕುರ್ತಾ ಎತ್ತಿ, ಎಂದಿನಂತೆ ಅರ್ಧವನ್ನು ಅಜೀಜಾಬಿಯ ತೊಡೆಯ ಮೇಲೆ ಹಾಕಿದಳು. ಇಬ್ಬರೂ ದಾರದ ತುದಿ ಹುಡುಕತೊಡಗಿದರು.