ಎರಡು ಮನೆಯ ಗುಳಿಗೆ

ಆ ಬಳೆ ಸದ್ದು ನಿಲ್ಲಿಸಬಾರದೇ ಈಕೆ, ಕೈ ಎತ್ತಿದರೆ ಕಿಣಿ, ಇಳಿಸಿದರೆ ಕಿಣಿ, ದವಾಖಾನೆಗೂ ಕೈತುಂಬ ತೊಟ್ಟುಕೊಂಡೇ ಬಂದಿದ್ದಾಳೆ ಮಂಜುಳಾ, ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ — ಮನೋಳಿಯಿಂದ ಸವದತ್ತಿಯವರೆಗೆ ರಿಕ್ಷಾದಲ್ಲಿ ಇಬ್ಬರ ನಡುವೆ ಅವಳ ಮಗಳು ರೇಣು, ವಾಂತಿ ಮಾಡಿಕೊಳ್ಳುತ್ತ, ಒಮ್ಮೆ ಅವಳ ಸೀರೆಗೆ ಒಮ್ಮೆ ನನ್ನ ಸೀರೆಗೆ, ಆಗಲೂ ನಾನು ಈಕೆಯ ಮುಖ ನೋಡಲಿಲ್ಲ. ಹನ್ನೊಂದು ತಿಂಗಳಾಯಿತು ಮಾತು ಬಿಟ್ಟು. ಆಗ ಹುಡುಗಿಯ ತಲೆಯ ತುಂಬ ಹೇನು, ಶಾಲೆಯಲ್ಲಿ ಹಿಂದಿನ ಸಾಲಿಗೆ ಕೂರಿಸಿದ್ದರು, ಅಳುತ್ತ ಬಂದವಳನ್ನು ನಾನೇ ಕರೆದುಕೊಂಡು ಹೋಗಿ ಕೂದಲು ಮೋಟು ಮಾಡಿಸಿ ತಂದೆ, ಅಷ್ಟಕ್ಕೆ ಓಣಿಯ ನಡುವೆ ನಿಂತು ಎಂಥ ಕೂಗು, ನನ್ನ ಮಗಳ ಕೂದಲಾ ಕತ್ತರಿಸಾಕ ನೀ ಯಾರ, ನಿನ್ನ ಹೊಟ್ಟ್ಯಾಗ ಹುಟ್ಟ್ಯಾಳೇನು. ಮರುವಾರವೇ ಒಲೆ ಎರಡಾದವು, ಅಡುಗೆಮನೆಯ ನಡುವೆ ತಗಡು ಬಂತು. ಇರಲಿ, ತಗಡಿನ ಆಚೆಯಿಂದ ಸುತ್ತು ಹಾಕಿಕೊಂಡಾದರೂ ರೇಣು ನನ್ನ ಬಳಿ ಬರುತ್ತಿದ್ದಳಲ್ಲ, ಅದು ಈಕೆಗೆ ಉರಿಯುತ್ತಿತ್ತಲ್ಲ, ನನಗೆ ಅಷ್ಟು ಸಾಕಿತ್ತು.

ಮೊನ್ನೆ ಕೆನ್ನೆ ಹಿಡಿದುಕೊಂಡು ಬಂದಳು, ಚಿಗವ್ವ, ದವಡಿ ಹಲ್ಲು ಬಾಳ ನೋಯಾಕತ್ತೈತಿ. ನನ್ನ ಬೆನ್ನುನೋವಿಗೆ ತಂದಿಟ್ಟ ಗುಳಿಗೆ ಇತ್ತು, ಕೆಂಪು ಪಟ್ಟಿಯದು, ಒಂದು ಬಿಡಿಸಿ ಕೊಟ್ಟೆ, ಮಧ್ಯಾಹ್ನ ಮತ್ತೊಂದು, ಸಂಜೆ ಮತ್ತೊಂದು, ನಿನ್ನೆಯೂ ಹಾಗೆಯೇ ಮೂರು. ನಿಮ್ಮವ್ವ ಏನರ ಕೊಟ್ಟಾಳೇನು ಎಂದು ಕೇಳಲಿಲ್ಲ, ಕೇಳಿದರೆ ಅವಳ ಸುದ್ದಿ ನಾನೇ ಎತ್ತಿದಂತಾಗುತ್ತದೆ. ಒಳಗೊಳಗೆ ಹಿಗ್ಗು ಬೇರೆ, ಹೆತ್ತವಳಿಗೆ ಮಗಳ ಹಲ್ಲುನೋವೂ ಗೊತ್ತಿಲ್ಲ, ನೋಡು, ನೋವು ಬಂದರೆ ಹುಡುಗಿ ಬರುವುದು ನನ್ನ ಬಾಗಿಲಿಗೆ — ಇವತ್ತು ಬೆಳಿಗ್ಗೆ ವಾಂತಿ ಶುರು, ಪಕ್ಕೆ ಹಿಡಿದುಕೊಂಡು ಮುದುರಿಕೊಂಡಳು.

ಡಾಕ್ಟರಮ್ಮ ಹೊರಗೆ ಬಂದರು, ಹುಡುಗಿಗೆ ಮನ್ಯಾಗ ಏನ ಔಷಧ ಕೊಟ್ಟೀರಿ, ಎಷ್ಟ ಕೊಟ್ಟೀರಿ? ಮಂಜುಳಾ ಎದ್ದು ನಿಂತು ಸೆರಗಿನ ಗಂಟಿನಿಂದ ನೀಲಿ ಪಟ್ಟಿ ತೆಗೆದಳು, ಹಲ್ಲ ನೂಸತೈತಿ ಅಂದ್ಲರಿ, ಎರಡ ದಿನದಾಗ ಇವು ಐದ ಕೊಟ್ಟೇನ್ರಿ. ಅಂದರೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು, ಇಪ್ಪತ್ತೆಂಟ ಕಿಲೋದ ಹುಡುಗಿಗೆ ಇದು ದೊಡ್ಡವರ ಗುಳಿಗಿ, ಕೊಡಬಾರದಿತ್ತು, ಆದ್ರ ಇಷ್ಟಕ್ಕ ಹಿಂಗಾಗೂದಿಲ್ಲ, ಮತ್ತ್ಯಾರರ ಏನರ ಕೊಟ್ಟಾರೇನು? ಯಾರೂ ಕೊಟ್ಟಿಲ್ರಿ, ಎನ್ನುತ್ತಾಳೆ ಮಂಜುಳಾ, ಎಷ್ಟು ಖಾತ್ರಿ ಅವಳಿಗೆ, ನಾನು ಬದುಕಿಯೇ ಇಲ್ಲ ಎನ್ನುವ ಹಾಗೆ. ಸುಮ್ಮನಿದ್ದರೆ? ಸುಮ್ಮನಿದ್ದರೆ ಎಲ್ಲ ಇವಳ ತಲೆಗೇ, ಮನೆ ತುಂಬ ಇವಳಿಗೇ ಬೈಗುಳ, ಒಂದು ಉಸಿರಿನಷ್ಟು ಹೊತ್ತು ಅದನ್ನೇ ಬಯಸಿದೆ, ದೇವರಾಣೆಗೂ ಬಯಸಿದೆ, ಡಾಕ್ಟರಮ್ಮ ತಿರುಗಿ ಹೊರಟೇಬಿಟ್ಟರು, ಹಂಗಾದ್ರ ಬ್ಯಾರೆ ಏನೈತೋ ಹುಡುಕಬೇಕು ಎನ್ನುತ್ತ — ನಾನೂ ಕೊಟ್ಟೇನ್ರಿ. ಆರು.

ನನ್ನ ಚೀಲದಿಂದ ಕೆಂಪು ಪಟ್ಟಿ ಡಾಕ್ಟರಮ್ಮನ ಕೈಗೆ ಹೋಯಿತು, ಅವರ ಅಂಗೈಯಲ್ಲಿ ನೀಲಿ ಕೆಂಪು ಪಕ್ಕಪಕ್ಕ, ದೊಡ್ಡ ಅಕ್ಷರ ಬಿಡ್ರಿ, ಕೆಳಗಿನ ಸಣ್ಣ ಅಕ್ಷರ ಓದ್ರಿ, ಓದಿದೆ, ಎರಡರಲ್ಲೂ ಪ್ಯಾರಸಿಟಮಾಲ್, ಹೆಸರ ಎರಡು, ಔಷಧ ಒಂದ, ಎಂದರು ಅವರು, ಹನ್ನೊಂದ ಗುಳಿಗಿ ನುಂಗ್ಯಾಳ ಆ ಕೂಸು, ಲಿವರಿಗೆ ಪೆಟ್ಟು ಬೀಳತೈತಿ, ಮಕ್ಕಳಿಗೆ ತೂಕ ನೋಡಿ ಕೊಡೂದು, ತಾಸು ನೋಡಿ ಕೊಡೂದು, ಕೊಡಾಕಿ ಒಬ್ಬಾಕಿನ ಇರಬೇಕು, ಕೊಟ್ಟ ಹೊತ್ತು ಬರದಿಡಬೇಕು, ಒಂದ ಮನ್ಯಾಗ ಇದ್ದು ಒಬ್ಬರನ್ನೊಬ್ಬರು ಕೇಳೂದಿಲ್ಲೇನ್ರಿ ನೀವು? ಅವರು ಒಳಗೆ ಓಡಿದರು, ವಿಷ ಇಳಿಸುವ ಔಷಧಿಯ ಬಾಟಲಿ ಏರಿಸಲು. ಆಗ ಮಂಜುಳಾ ನನ್ನ ಕಡೆ ತಿರುಗಿದಳು, ಹನ್ನೊಂದು ತಿಂಗಳ ನಂತರ ಮೊದಲ ಮಾತು, ಆರು ಕೊಟ್ಟಿಯಲ್ಲ, ಒಂದ ಮಾತು ಕೇಳಬಾರದಿತ್ತೇನ ನನ್ನ? ಕೇಳಾಕ ನಿನ್ನ ಬಾಯಿ ಎಲ್ಲಿತ್ತು, ಎಂದೆ. ಅಷ್ಟೇ. ಅದಕ್ಕಿಂತ ಒಳ್ಳೆಯ ಮಾತು ನನ್ನಲ್ಲಿ ಇರಲಿಲ್ಲ, ಅವಳಲ್ಲೂ ಇರಲಿಲ್ಲ.

ದವಾಖಾನೆಗೆ ಬಂದು ಮೂರನೆಯ ದಿನ ಇವತ್ತು, ರಕ್ತದ ವರದಿಯಲ್ಲಿ ಲಿವರಿನ ಅಂಕಿ ಇಳಿಮುಖ, ಹೊತ್ತಿಗೆ ಸರಿಯಾಗಿ ಹೇಳಿದ್ರಿ, ಉಳಿದ್ಲು, ಎಂದರು ಡಾಕ್ಟರಮ್ಮ, ನನ್ನನ್ನು ಹೊಗಳುತ್ತಾರಂತೆ, ನನ್ನನ್ನು. ಮಂಜುಳಾ ಗಂಜಿ ತರಲು ಹೋದಾಗ ಕೇಳಿಯೇಬಿಟ್ಟೆ, ಗದರಿಸಿಯೇ ಕೇಳಿದೆ, ನಿಮ್ಮವ್ವ ಗುಳಿಗಿ ಕೊಟ್ಟಾಳಂತ ನನಗ್ಯಾಕ ಹೇಳಲಿಲ್ಲ? ರೇಣು ಹಾಸಿಗೆಯ ಅಂಚನ್ನು ಉಗುರಿನಿಂದ ಕೆರೆದಳು, ಅವ್ವ ಕೊಟ್ಟಾಳ ಅಂದ್ರ ನೀ ಮಾರಿ ತಿರುವತಿದ್ದಿ, ನೀ ಕೊಟ್ಟಿ ಅಂದ್ರ ಅವ್ವ ಬಡೀತಿದ್ಲು, ಅದಕ್ಕ ಎರಡೂ ನುಂಗಿದೆ. ಹನ್ನೆರಡು ವರ್ಷದವಳು. ಅಷ್ಟರಲ್ಲಿ ಮಂಜುಳಾ ಬಂದಳು, ಚಮಚ ಎತ್ತಿ ಹಿಡಿದಳು, ಬಾಯಿ ತಗೀ ನನ್ನವ್ವ, ಹುಡುಗಿ ತೆರೆಯುವುದಿಲ್ಲ, ಚಮಚ ತುಟಿಯ ಮುಂದಿದೆ, ಕಣ್ಣು ಮಾತ್ರ ಈ ಕಡೆ, ನನ್ನ ಮುಖದ ಮೇಲೆ, ಉಣ್ಣಲೋ ಬೇಡವೋ ಎಂದು ನನ್ನ ಮುಖದಲ್ಲಿ ಹುಡುಕುತ್ತಾಳೆ, ಉಣ್ಣ ರೇಣು, ಎನ್ನುತ್ತೇನೆ, ಒಂದು ತುತ್ತು ನುಂಗಿದಳು, ಎರಡನೆಯದು ಬರುತ್ತದೆ, ಮತ್ತೆ ತೆರೆಯುವುದಿಲ್ಲ, ಮತ್ತೆ ನನ್ನ ಮುಖ ನೋಡುತ್ತಾಳೆ, ಮೂರನೆಯದು, ನೋಡುತ್ತಾಳೆ —