ಗಾಳಿಗೆ ಎದ್ದ ಪಿಂಗಾರ

ಒಗೆಯುವ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಾಂತಿ ಮಗಳ ನೀಲಿ ಪ್ಯಾಂಟನ್ನು ನೀರಿಗೆ ಅದ್ದುವ ಮೊದಲು ಅಭ್ಯಾಸದಂತೆ ಜೇಬಿಗೆ ಕೈ ಹಾಕಿದಳು. ಅಕ್ಷಿತಾಳ ಜೇಬಿನಲ್ಲಿ ಯಾವಾಗಲೂ ಏನಾದರೊಂದು ಇರುತ್ತದೆ. ಗುಲಗಂಜಿಯೋ, ಪೆನ್ಸಿಲಿನ ತುಂಡೋ, ಚಾಕಲೇಟಿನ ಕಾಗದವೋ. ಈ ಸಲ ಬೆರಳಿಗೆ ಸಿಕ್ಕಿದ್ದು ಹಸಿರು ರಿಬ್ಬನ್ನಿನ ಚೂರು. ಅದರ ಗಂಟು ಇನ್ನೂ ಬಿಚ್ಚಿರಲಿಲ್ಲ. ಗಂಟಿನಲ್ಲಿ ಬಾಳೆಲೆಯ ಹರಿದ ತುದಿಯೊಂದು ಸಿಕ್ಕಿಕೊಂಡು ಬಾಡಿತ್ತು.

ಬಕೆಟ್ ತುಂಬಿ ನೀರು ಅಂಗಳಕ್ಕೆ ಹರಿಯತೊಡಗಿದರೂ ನಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತೋಚಲಿಲ್ಲ. ಆ ಗಂಟು ಹಾಕಿದವಳು ಅವಳೇ. ಅದು ನಿನ್ನೆಯಿಂದ ಮಗಳ ಬಳಿ ಇತ್ತು ಎಂದರೆ ಮಗಳಿಗೆ ಎಲ್ಲ ಗೊತ್ತು.

ಒಳಗೆ ಅಕ್ಷಿತಾ ಶಾಲೆಗೆ ಹೊರಟು ಜಡೆ ಹಾಕಿಸಿಕೊಳ್ಳಲು ಕಾಯುತ್ತಿದ್ದಳು. ನಿನ್ನೆ ಸಂಜೆ ಮನೆಗೆ ಬಂದಲ್ಲಿಂದ ಹುಡುಗಿ ಎರಡು ಮೂರು ಸಲ "ಅಮ್ಮಾ" ಎಂದು ಹತ್ತಿರ ಬಂದಿದ್ದಳು. ಒಮ್ಮೆ ಕಾಂತಿ ಅವಳನ್ನು ತೆಂಗಿನಕಾಯಿ ತರಲು ಕಳಿಸಿದಳು. ಇನ್ನೊಮ್ಮೆ ಮಗ್ಗಿ ಹೇಳು ಎಂದಳು. ಕೊನೆಗೆ ದೀಪ ಆರಿಸಿ, ನಾಳೆ ಬೇಗ ಏಳಬೇಕು, ಮಲಗು ಎಂದಳು. ಹುಡುಗಿ ಏನು ಕೇಳಲಿದ್ದಾಳೆ ಎಂದು ತನಗೆ ಗೊತ್ತಿಲ್ಲವೆಂದೇ ಅಂದುಕೊಂಡಿದ್ದಳು. ರಿಬ್ಬನ್ನು ಕೈಗೆ ಸಿಕ್ಕಿದ ಮೇಲೆ ಹಾಗೆ ಅಂದುಕೊಳ್ಳುವುದಕ್ಕೂ ದಾರಿ ಉಳಿಯಲಿಲ್ಲ.

ಮೂಡುಬಿದಿರೆಯಿಂದ ಸಿದ್ಧಕಟ್ಟೆ ಕಡೆಗೆ ಬರುವ ದಾರಿಯಲ್ಲಿ, ಕೆಂಪುಕಲ್ಲು ತೆಗೆದು ಬಿಟ್ಟ ಹಳೇ ಕೋರೆಯ ಪಕ್ಕದಲ್ಲಿ, ಆ ಕಟ್ಟಡ ಏಳತೊಡಗಿ ಎರಡು ಮಳೆಗಾಲ ಕಳೆದಿತ್ತು. ಮೊದಮೊದಲು ಅದು ಏನೆಂದು ಯಾರಿಗೂ ತಿಳಿದಿರಲಿಲ್ಲ. ಅಕ್ಕಿ ತುಂಬುವ ಗೋದಾಮು ಎಂದರು ಕೆಲವರು, ನೀರಿನ ಟ್ಯಾಂಕಿ ಎಂದರು ಕೆಲವರು. ದುಬೈಯಲ್ಲಿ ಹೋಟೆಲು ನಡೆಸಿ ಬಂದು ಅದನ್ನು ಕಟ್ಟಿಸುತ್ತಿದ್ದ ದಯಾನಂದಣ್ಣ, ಇದು ಮನುಷ್ಯರನ್ನು ಗಾಳಿಯ ಮೇಲೆ ತೇಲಿಸುವ ಕಟ್ಟಡ, ವಿಮಾನ ಬೇಡ, ಧುಮುಕುವುದು ಬೇಡ, ಗಾಜಿನ ಕೊಳವೆಯೊಳಗೆ ನಿಂತರೆ ಕೆಳಗಿನಿಂದ ಬರುವ ಗಾಳಿಯೇ ಎತ್ತಿ ಹಿಡಿಯುತ್ತದೆ ಎಂದು ವಿವರಿಸಿದ ಮೇಲೂ ಜನ ನಂಬಲಿಲ್ಲ. ಬೋರ್ಡು ಏರುವ ಮೊದಲೇ ಬಸ್ಸಿನ ಕಂಡಕ್ಟರು "ಗಾಳಿಮನೆ ಇಳಿಯುವವರು ಮುಂದೆ ಬನ್ನಿ" ಎಂದು ತಮಾಷೆಗೆ ಕೂಗಿದ. ಹೆಸರು ಅದೇ ಆಯಿತು.

ಕಾಂತಿಯೂ ಶಾಹಿದಾಳೂ ಅಲ್ಲಿಗೆ ಮೊದಲು ಬಂದದ್ದು ಹೊಸ ಗೋಡೆಗೆ ನೀರು ಹಾಯಿಸುವುದಕ್ಕೆ. ಕೆಲಸ ಹಿಡಿಸಿತು, ಇವರೂ ಅಲ್ಲಿನವರಿಗೆ ಹಿಡಿಸಿದರು, ಶುಚಿ ಮಾಡುವವರಾಗಿ ಉಳಿದರು. ಶಾಹಿದಾ ಕಾಂತಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಅವಳಿಗೆ ಫರ್ಹಾನ ಎಂಬ ಮಗಳು. ಫರ್ಹಾನ, ಅಕ್ಷಿತಾ ಇಬ್ಬರೂ ನಾಲ್ಕನೇ ಕ್ಲಾಸು.

ಆ ಕಟ್ಟಡಕ್ಕೆ ಆದಷ್ಟು ಪೂಜೆ ಊರಿನಲ್ಲಿ ಇನ್ಯಾವ ಮನೆಗೂ ಆಗಿರಲಿಲ್ಲ. ಅಡಿಪಾಯಕ್ಕೊಂದು, ದೊಡ್ಡ ಫ್ಯಾನುಗಳನ್ನು ಕ್ರೇನಿನಲ್ಲಿ ಎತ್ತುವಾಗ ಒಂದು, ಗಾಜು ಕೂರಿಸುವಾಗ ಇನ್ನೊಂದು. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಹೋದಾಗ ಇವರಿಬ್ಬರಿಗೆ ಕೆಲಸ. ಮೊದಲ ಸಲವೇ ಶಾಹಿದಾ ಪೊರಕೆ ಹಿಡಿದು ನಿಂತು, ಹೂವು ಪ್ರಸಾದವನ್ನೆಲ್ಲ ನೀನು ಕೈಯಲ್ಲಿ ಹೆಕ್ಕು ಮಾರಾಯ್ತಿ, ಪೊರಕೆ ತಾಗಬಾರದಲ್ಲ, ಆಮೇಲೆ ನಾನು ಗುಡಿಸ್ತೇನೆ ಎಂದಿದ್ದಳು. ಅಂದಿನಿಂದ ಅದೇ ರೂಢಿ. ಕಾಂತಿ ಹೆಕ್ಕಿ ತೆಂಗಿನ ಬುಡಕ್ಕೆ ಹಾಕಿ ಬರುವಳು, ಶಾಹಿದಾ ಗುಡಿಸಿ ಒರೆಸುವಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ಹೇಳಿದ್ದೂ ಅಲ್ಲ.

ಹಾರಲು ಕಲಿಸುವ ಅಝೀಮ್ ಬಂದ ಮೇಲೆ ಮಾತ್ರ ಒಂದು ಕಟ್ಟುನಿಟ್ಟು ಬಂತು. ಗಾಜಿನ ಕೊಳವೆಗೆ ನೆಲವಿಲ್ಲ, ತಂತಿಯ ಬಲೆ. ಗಾಳಿ ಆ ಬಲೆಯ ಕೆಳಗಿನಿಂದ ಬರುತ್ತದೆ. ಬಲೆಯ ಮೇಲೆ ಕೂದಲಿನ ಪಿನ್ನು ಉಳಿದರೂ ಅದು ಕಲ್ಲು ಬೀರಿದ ಹಾಗೆ ಮೇಲೇಳುತ್ತದೆ, ಹಾರುವವರ ಮುಖಕ್ಕೇ ಬಡಿಯುತ್ತದೆ ಎಂದು ಅವನು ಇಬ್ಬರನ್ನೂ ಕರೆದು ತೋರಿಸಿದ. ನಿಮ್ಮ ಕಣ್ಣೇ ನನಗೆ ಗ್ಯಾರಂಟಿ ಎಂದ. ಹಾಗೆ ಹೇಳಿಸಿಕೊಂಡ ದಿನ ಕಾಂತಿ ಮನೆಗೆ ಬಂದು ಅದನ್ನು ಗಂಡನಿಗೂ ಮಗಳಿಗೂ ಹೇಳಿದ್ದಳು.

ಉದ್ಘಾಟನೆಯ ದಿನ ಮೊದಲು ಹಾರುವುದು ಕೆಲಸದವರ ಮಗುವೇ ಆಗಬೇಕು ಎಂಬುದು ದಯಾನಂದಣ್ಣನ ಆಸೆ. ಫರ್ಹಾನ ಹೆದರಿ ಒಲ್ಲೆ ಎಂದಳು. ಅಕ್ಷಿತಾ ಕುಣಿದಾಡಿದಳು. ಕಾಂತಿಗೆ ಹೆಮ್ಮೆಯಾಯಿತು. ಆದರೆ ಪರೀಕ್ಷೆಗೆಂದು ಒಂದು ದಿನ ಮರಳಿನ ಚೀಲಕ್ಕೆ ಹಾರುವವರ ಅಂಗಿ ತೊಡಿಸಿ ಗಾಳಿ ಬಿಟ್ಟದ್ದನ್ನು ಅವಳು ನೋಡಿದ್ದಳು. ಚೀಲ ಸರ್ರನೆ ಮೇಲೇರಿ, ಗಾಳಿ ಕಡಿಮೆ ಮಾಡಿದ್ದೇ ದೊಪ್ಪನೆ ಬಲೆಯ ಮೇಲೆ ಬಿತ್ತು. ಆ ಅಂಗಿಯೊಳಗೆ ಅವಳಿಗೆ ಮಗಳೇ ಕಂಡಳು. ಯಾರಿಗೂ ಹೇಳದೆ ಕುಟುಂಬದ ದೈವದ ಸಾನಕ್ಕೆ, ಆ ಪುಟ್ಟ ಗುಡಿಗೆ, ಹೋಗಿ ಕೈಮುಗಿದು ಪ್ರಸಾದ ತಂದಳು. ಒಣಗಿ ಕಲ್ಲಿನಂತಾದ ಒಂದು ಉಂಡೆ ಗಂಧ, ಒಂದಿಷ್ಟು ಪಿಂಗಾರ. ಅಡಿಕೆ ಹೂವಿನ ಗೊಂಚಲಿನಿಂದ ಬಿಡಿಸಿದ ಅಕ್ಕಿಕಾಳಿನಂಥ ಮೊಗ್ಗುಗಳು.

ಬೇರೆ ದಿನವಾದರೆ ಮಗಳ ಮುಡಿಗೆ ಇಡುತ್ತಿದ್ದಳು. ಹೆಲ್ಮೆಟಿನೊಳಗೆ ಒಂದು ಎಸಳೂ ಇರುವಂತಿಲ್ಲ. ಹಾಗಾದರೆ ಮಗಳಿಗಿಂತ ಮೊದಲು ಪ್ರಸಾದವೇ ಒಳಗೆ ಹೋಗಿ ಕಾಯಲಿ ಎಂದು ಅವಳಿಗೆ ಅನಿಸಿತು. ಬಾಳೆಲೆಯಲ್ಲಿ ಸುತ್ತಿ, ಮಗಳ ಹಳೇ ರಿಬ್ಬನ್ನನ್ನು ಹರಿದು ಕಟ್ಟಿದಳು. ಅಕ್ಷಿತಾ ನೋಡುತ್ತಿದ್ದಳು. ಅದು ಯಾರಿಗೆ ಎಂದು ಕೇಳಿದಳು. ನಿನಗೇ ಎಂದಳು ಕಾಂತಿ.

ನಿನ್ನೆ, ಉದ್ಘಾಟನೆಯ ಬೆಳಿಗ್ಗೆ, ಹೊರಗಿನ ಚಪ್ಪರದಲ್ಲಿ ಗಣಹೋಮ ಮುಗಿದಿತ್ತು. ಕೊನೆಯ ಸಲ ಒಳಗೆ ನೋಡಿ ಬಾಗಿಲು ಮುಚ್ಚುವ ಪಾಳಿ ಶಾಹಿದಾಳದ್ದು. ಅವಳು ಒಳಗೆ ಕಾಲಿಡುವ ಹೊತ್ತಿಗೆ ಕಾಂತಿ ಬಲೆಯ ಅಂಚಿನಲ್ಲಿ, ಗೋಡೆಗೆ ಹೊದಿಸಿದ ಮೆತ್ತೆಯ ಹಿಂದೆ, ಅಲ್ಲಿ ಗಾಳಿಗೆ ಸಿಗಲಾರದು ಎಂದುಕೊಂಡು ಪೊಟ್ಟಣವನ್ನು ಒತ್ತಿ ಇಟ್ಟು ಎದ್ದು ನಿಂತಿದ್ದಳು.

"ಒಳಗೆ ನಾನು ನೋಡಿದೆ ಶಾಹಿದಾಕ್ಕ. ನೀವು ಹೊರಗಿನ ಗಾಜು ಒರೆಸಿ."

ಶಾಹಿದಾ ಸರಿ ಎಂದು ಹಾಗೇ ಹಿಂದೆ ತಿರುಗಿದಳು.

ಅಕ್ಷಿತಾ ಹಾರಿದಳು. ಅದು ಸುಳ್ಳಲ್ಲ. ದೊಗಲೆ ಅಂಗಿ, ದೊಡ್ಡ ಹೆಲ್ಮೆಟು, ಕೈಕಾಲು ಚಾಚಿ ಅಝೀಮನ ಕೈಹಿಡಿತದಲ್ಲಿ ತೇಲಿದಳು. ಅವನು ಮೆಲ್ಲಗೆ ಕೈ ಬಿಟ್ಟ. ಗಾಜಿನ ಆಚೆಗೆ ಅವಳ ನಗು ಕೇಳಿಸದಿದ್ದರೂ ಕಾಣಿಸುತ್ತಿತ್ತು. ಹೊರಗಿದ್ದ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಕಾಂತಿ ಕೈಮುಗಿದುಕೊಂಡಳು.

ಆಗ ಗಾಜಿಗೆ ಪಟಪಟನೆ ಏನೋ ಬಡಿಯಿತು. ಪೊಟ್ಟಣ ಗಾಳಿಗೆ ಕಿತ್ತು ಬಂದು ಹರಿದಿತ್ತು. ಆ ಕಟ್ಟಡದಲ್ಲಿ ಗಾಳಿ ಮೇಲಿಂದ ಹೊರಗೆ ಹೋಗುವುದಿಲ್ಲ. ಗೋಡೆಯೊಳಗಿನ ದಾರಿಯಲ್ಲಿ ಸುತ್ತಿ ಇಳಿದು ಮತ್ತೆ ಬಲೆಯ ಕೆಳಗಿನಿಂದಲೇ ಏಳುತ್ತದೆ. ಒಮ್ಮೆ ಮೇಲೆ ಹೋದ ಪಿಂಗಾರ ಇಳಿದು ಬಂದು ಮತ್ತೆ ಎದ್ದಿತು, ಮತ್ತೆ ಎದ್ದಿತು. ಅಝೀಮ್ ಹುಡುಗಿಯನ್ನು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ಸರಿದ. ಫ್ಯಾನು ನಿಂತಿತು. ಗಂಧದ ಉಂಡೆ ತಾಗಿ ಅವನ ಗಲ್ಲದಿಂದ ರಕ್ತ ಬರುತ್ತಿತ್ತು. ಅಕ್ಷಿತಾಳಿಗೆ ಏನೂ ಆಗಿರಲಿಲ್ಲ. ಬಲೆಯ ಮೇಲೆ ಮೊಣಕಾಲೂರಿ ಕೂತು ಅವಳು ಏನನ್ನೋ ನೋಡುತ್ತಿದ್ದಳು. ಆಮೇಲೆ ಮುಷ್ಟಿ ಮುಚ್ಚಿಕೊಂಡಳು. ಹೆದರಿದ ಮಗು ಹಾಗೆ ಮಾಡಿದೆ ಎಂದುಕೊಂಡಿದ್ದಳು ಕಾಂತಿ.

ಕೊನೆಯ ಸಲ ಒಳಗೆ ನೋಡಿದವರು ಯಾರು ಎಂದು ಮ್ಯಾನೇಜರು ಕೇಳಿದ. ಪಾಳಿ ತನ್ನದು ಎಂದಳು ಶಾಹಿದಾ. ಹೋಮದ ಹೂವು ಯಾರದೋ ಕೈಯಿಂದ ಒಳಗೆ ಬಿದ್ದು ಉಳಿದಿದೆ ಎಂದು ಅವನು ತೀರ್ಮಾನಿಸಿದ್ದ. ಅತಿಥಿಗಳಲ್ಲಿ ಒಬ್ಬರು, ಪಾಪ, ಆಕೆಗೆ ಪ್ರಸಾದ ಮುಟ್ಟಲಿಕ್ಕೆ ಸಂಕೋಚ ಆಗಿರಬೇಕು, ಹಾಗೇ ಬಿಟ್ಟಿರಬೇಕು ಎಂದು ಮೃದುವಾಗಿಯೇ ಹೇಳಿದರು. ಎಲ್ಲರಿಗೂ ಅದು ಸರಿ ಕಂಡಿತು. ಶಾಹಿದಾ ಒಂದು ಸಲ ಕಾಂತಿಯ ಕಡೆ ನೋಡಿದಳು.

ಕಾಂತಿ ಬಲೆಯ ಮೇಲೆ ಬಗ್ಗಿ ಪಿಂಗಾರದ ಒಂದೊಂದೇ ಮೊಗ್ಗನ್ನು ಕೈಯಲ್ಲಿ ಹೆಕ್ಕತೊಡಗಿದಳು. ತಲೆ ತಗ್ಗಿಸಿಕೊಂಡಿರಲು ಅವಳಿಗೆ ಬೇರೆ ಕೆಲಸ ಸಿಗಲಿಲ್ಲ. ಅಷ್ಟು ಭಕ್ತಿಯಿಂದ ಹೆಕ್ಕುವುದನ್ನು ಕಂಡು ದಯಾನಂದಣ್ಣ ಹತ್ತಿರ ಬಂದು, "ನೀನಾದರೂ ಇದ್ದಿಯಲ್ಲ ಕಾಂತಿ" ಎಂದರು. ಶಾಹಿದಾ ನಾಳೆಯಿಂದ ಬರುವುದು ಬೇಡ ಎಂದು ಮ್ಯಾನೇಜರು ಹೇಳಿದ್ದು ಅದರ ಮರುಗಳಿಗೆಯಲ್ಲೇ. ಕಾಂತಿಗೆ ಕೇಳಿಸಿತು. ಅವಳು ಹೆಕ್ಕುತ್ತಲೇ ಇದ್ದಳು.

"ಅಮ್ಮಾ, ನೀರು ಹೋಗ್ತಾ ಉಂಟು."

ಅಕ್ಷಿತಾ ಹಿತ್ತಿಲ ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತಿದ್ದಳು. ಕಾಂತಿ ನಲ್ಲಿ ನಿಲ್ಲಿಸಿ, ರಿಬ್ಬನ್ನಿನ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗಳು ಅದನ್ನೂ ನೋಡಿದಳು. ಬಾ, ಜಡೆ ಹಾಕ್ತೇನೆ ಎಂದು ಕಾಂತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಗೇಟಿನ ಸದ್ದಾಯಿತು.

ಶಾಹಿದಾ ಬಂದಿದ್ದಳು. ಕೈಯಲ್ಲಿ ಮಡಚಿದ ಕೆಲಸದ ಕೋಟು, ಅದರ ಮೇಲೆ ಹೆಸರಿನ ಬಿಲ್ಲೆ. ಇನ್ನೊಂದು ಕೈಯಲ್ಲಿ ಸ್ಟೀಲಿನ ಡಬ್ಬಿ. ಒಳಗೆ ಬರಲಿಲ್ಲ, ಜಗಲಿಯ ಅಂಚಿನಲ್ಲೇ ನಿಂತಳು. ಕೋಟು ಆಫೀಸಿಗೆ ಕೊಡಬೇಕಂತೆ, ಆ ಬಾಗಿಲಿಗೆ ಹೋಗಲು ಮುಖ ಇಲ್ಲ, ನೀನೇ ಕೊಟ್ಟುಬಿಡು ಎಂದಳು. ಡಬ್ಬಿಯಲ್ಲಿ ಬಿಸಿ ಬನ್ಸು ಇತ್ತು. ಅಕ್ಷಿತಾ ಹೆದರಿರಬಹುದು ಅಂತ ಫರ್ಹಾನಳೇ ಹೇಳಿ ಮಾಡಿಸಿದಳಂತೆ.

ಕಾಂತಿ ಕೋಟು ತೆಗೆದುಕೊಂಡಳು. ಅದನ್ನು ಒಗೆದು ಇಸ್ತ್ರಿ ಹಾಕಲಾಗಿತ್ತು.

"ನಾನೊಮ್ಮೆ ಬಗ್ಗಿ ನೋಡಬೇಕಿತ್ತು," ಎಂದಳು ಶಾಹಿದಾ. "ನೀನು ನೋಡಿದ್ದೆ ಅಂದಿಯಲ್ಲ, ನಿನ್ನ ಕಣ್ಣು ನನ್ನ ಕಣ್ಣು ಅಂತ ಬಿಟ್ಟೆ. ನಿನ್ನ ಹೆಸರು ನಾನು ಎತ್ತಲಿಲ್ಲ ಮಾರಾಯ್ತಿ. ಒಂದು ಹೂವು ಯಾರ ಕಣ್ಣಿಗೂ ತಪ್ಪಬಹುದು. ಅದಕ್ಕೆ ಇಬ್ಬರೂ ಮನೆಯಲ್ಲಿ ಕೂರುವುದು ಯಾಕೆ?"

ಕಾಂತಿಯ ಬಾಯಿ ತೆರೆಯಿತು. ಹೇಳಬೇಕಾದದ್ದು ನಾಲ್ಕೇ ಮಾತು. ಆದರೆ ಹೊರಗೆ ಬಿದ್ದ ಮಾತು ಬೇರೆಯೇ.

"ಚಾ ಇಡ್ತೇನೆ, ಕುಡಿದು ಹೋಗಿ."

ಹಾಗೆ ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಚಾ ಅಂತೆ. ಬೇಡ, ಬಸ್ಸಿಗೆ ಹೊತ್ತಾಯ್ತು, ಬೇರೆ ಕೆಲಸ ಕೇಳಲಿಕ್ಕೆ ಮೂಡುಬಿದಿರೆಗೆ ಹೋಗ್ಬೇಕು ಎಂದಳು ಶಾಹಿದಾ. ಡಬ್ಬಿಯನ್ನು ಅಕ್ಷಿತಾಳ ಕೈಗಿಟ್ಟು ಅವಳ ಬಿಚ್ಚುಗೂದಲ ಮೇಲೆ ಕೈಯಾಡಿಸಿ, ಎಷ್ಟು ಚಂದ ಹಾರಿದಿ ಮಗಾ, ನಾನು ಗಾಜಿನ ಈಚೆಯಿಂದ ನೋಡಿದೆ ಎಂದಳು. ಅಕ್ಷಿತಾ ನಗಲಿಲ್ಲ. ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ನಿಂತಳು.

ಶಾಹಿದಾ ಮೆಟ್ಟಿಲು ಇಳಿದು ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ಕಾಂತಿ ಅವಳ ಬೆನ್ನು ನೋಡುತ್ತಿದ್ದಳು. ಗೇಟು ದಾಟಿದರೆ ಮುಗಿಯಿತು, ಆಮೇಲೆ ಸಮಾಧಾನದಲ್ಲಿ ಯೋಚಿಸಬಹುದು, ನಾಳೆ ಹೇಳಬಹುದು ಎಂದು ಒಳಗೊಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಆ ಮನಸ್ಸಿನ ಗುರುತು ಅವಳಿಗೆ ಹಿಡಿಯಿತು. ನಿನ್ನೆ ಬಲೆಯ ಮೇಲೆ ಬಗ್ಗಿದ್ದಾಗಲೂ ಅದೇ ಇತ್ತು.

ಮಗಳ ಬೆರಳು ಅವಳ ಸೊಂಟಕ್ಕೆ ತಾಗಿತು. ರಿಬ್ಬನ್ನಿನ ತುದಿ ಹೊರಗೆ ಕಾಣುತ್ತಿತ್ತು. ಅಕ್ಷಿತಾ ಅದನ್ನು ಮೆಲ್ಲಗೆ ಎಳೆದು ತೆಗೆದಳು, ಗಂಟು ಬಿಚ್ಚದ ಹಾಗೆ, ಹುಷಾರಾಗಿ. ಕಾಂತಿ ತಡೆಯಲಿಲ್ಲ. ಹುಡುಗಿಯ ದನಿ ದೊಡ್ಡದೇನೂ ಆಗಿರಲಿಲ್ಲ. ಆದರೆ ಗೇಟಿನ ಚಿಲಕಕ್ಕೆ ಕೈಯಿಟ್ಟಿದ್ದ ಶಾಹಿದಾ ಅಲ್ಲೇ ನಿಂತು ತಿರುಗುವಷ್ಟು ಸ್ಪಷ್ಟವಾಗಿತ್ತು.

"ಅಮ್ಮಾ, ಇದನ್ನು ಇಟ್ಟದ್ದು ನೀನು ಅಂತ ಶಾಹಿದಾಂಟಿಗೆ ಯಾಕೆ ಹೇಳುವುದಿಲ್ಲ?"