ಗುಂಡಮ್ಮನ ಒಂದು ತಾಸು

ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟ ಮೊಮ್ಮಗಳು ಗುಂಡಮ್ಮನನ್ನು ಹತ್ತಕ್ಕೇ ವಾಪಸು ಕರೆತರುವ ಕೆಲಸ ಅಜ್ಜಿಗೆ ನಾಲ್ಕು ತಿಂಗಳಿಂದ ಅಂಟಿಕೊಂಡಿತ್ತು. ಮಿಕ್ಕ ಮಕ್ಕಳಿಗೆ ಶಿಶುವಿಹಾರ ಮಧ್ಯಾಹ್ನ ಒಂದರವರೆಗೆ. ಗುಂಡಮ್ಮನಿಗೆ ಮಾತ್ರ ಒಂದೇ ತಾಸು. ನಾಲ್ಕು ವರ್ಷ ತುಂಬಿದರೂ ಅವಳ ಬಾಯಿಂದ ಏಳೆಂಟು ಮಾತಿಗಿಂತ ಹೆಚ್ಚು ಹೊರಡುತ್ತಿರಲಿಲ್ಲ. ಮಾತು ಕಲಿಸುವ ಡಾಕ್ಟರು, “ಮಕ್ಕಳ ಜೊತೆ ಬಿಡಿ, ಮಾತು ಬರೋದೇ ಅಲ್ಲಿ” ಎಂದಿದ್ದರು. ಶಿಶುವಿಹಾರದ ದೊಡ್ಡ ಮೇಡಂ, “ಮೊದಲು ಮಾತು ಬರಲಿ, ಆಮೇಲೆ ಹೊತ್ತು ಹೆಚ್ಚಿಸೋಣ” ಎನ್ನುತ್ತಿದ್ದಳು, ಏನೋ ಮಹಾ ಶೋಧ ಮಾಡಿದವಳ ಹಾಗೆ.

ಅಜ್ಜಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಸಾಹೇಬರು ಪಕ್ಕದಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದರೂ “ಮೀಟಿಂಗಿನಲ್ಲಿದ್ದಾರೆ” ಎಂದು ಜೇನು ಸುರಿಸಿ ಹೇಳಿ ಅಭ್ಯಾಸವಿತ್ತು. ಮೇಡಂ ಬಾಯಲ್ಲಿ ಬರುತ್ತಿದ್ದುದೂ ಅದೇ ದನಿ, ಅದೂ ಕಳಪೆ ಮಾಲು.

ಒಂದು ದಿನ ಅಜ್ಜಿ ಇಪ್ಪತ್ತು ನಿಮಿಷ ಮೊದಲೇ ಹೋದಳು. ಒಳಗೆ ಮಕ್ಕಳು ಹಾಡುತ್ತಿದ್ದರು. ಗುಂಡಮ್ಮ ಹೊರಗೆ, ಚಪ್ಪಲಿ ಗೂಡಿನ ಪಕ್ಕ ಒಬ್ಬಳೇ ಕೂತು ಬೇರೆಯವರ ಬೂಟುಗಳನ್ನು ಜೋಡಿಸುತ್ತಿದ್ದಳು.

“ಇವಳ್ಯಾಕೆ ಇಲ್ಲಿದ್ದಾಳೆ?” ಎಂದು ಅಜ್ಜಿ ಆಯಾಳನ್ನು ಕೇಳಿದಳು.

“ದಿನಾ ಇಲ್ಲೇ ಕೂರೋದಮ್ಮ. ಒಳಗೆ ಕಿರುಚ್ತಾಳೆ ಅಂತ ಮೇಡಂ ಹೇಳಿದಾರೆ,” ಎಂದು ಆಯಾ ನೆಲ ನೋಡಿದಳು.

ಅಂದರೆ ಆ ಒಂದು ತಾಸೂ ಸುಳ್ಳು. ಅಜ್ಜಿ ಸೀದಾ ಆಫೀಸಿಗೆ ನುಗ್ಗಿದಳು. ‘ಪ್ರತಿ ಮಗುವೂ ಒಂದು ಹೂವು’ ಎಂಬ ಮಿರಮಿರ ಹಲಗೆಯ ಕೆಳಗೆ ಮೇಡಂ ಮುಗುಳ್ನಗುತ್ತ ಕೂತಿದ್ದಳು.

“ಅದರ ಒಳ್ಳೇದಕ್ಕೇ ಅಲ್ವಾಮ್ಮಾ. ಪಾಪ, ಅದಕ್ಕೆ ಸುಸ್ತಾಗತ್ತೆ.”

“ಅದು ಅಲ್ಲ, ಅವಳು. ಈಗ ಹೇಳಿದ್ದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಿ. ಯಾಕೆ ಬೇಗ ಕಳಿಸ್ತಿದೀರಿ, ಎಲ್ಲಿ ಕೂರಿಸ್ತಿದೀರಿ, ಎಲ್ಲಾ.”

ನಗೆ ಮುಖದಲ್ಲೇ ಉಳಿಯಿತು, ಬಣ್ಣ ಮಾತ್ರ ಇಳಿಯಿತು. “ಬರೆಯೋದೆಲ್ಲ ಯಾಕಮ್ಮಾ? ನಾವೆಲ್ಲ ಒಂದೇ ಕುಟುಂಬದ ಥರ.”

“ನಮ್ಮ ಕುಟುಂಬದಲ್ಲಿ ಮಕ್ಕಳನ್ನ ಚಪ್ಪಲಿ ಹತ್ತಿರ ಕೂರಿಸಲ್ಲ,” ಎಂದಳು ಅಜ್ಜಿ. “ಬರೆಯಕ್ಕಾಗದೇ ಇದ್ರೆ ಬಿಡಿ. ಮಧ್ಯಾಹ್ನ ಒಂದು ಗಂಟೆವರೆಗೂ ನಾನೂ ಇಲ್ಲೇ ಇರ್ತೀನಿ.”

ಮೊಮ್ಮಗಳ ಕೈ ಹಿಡಿದು ತರಗತಿಗೆ ನಡೆದಳು. ಅಂಗೈಯಗಲದ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತಳು. ಸೊಂಟ ಹಿಡಿದುಕೊಂಡರೂ ಏಳಲಿಲ್ಲ. ಗುಂಡಮ್ಮ ಎರಡು ಸಲ ಕಿರುಚಿದಳು ನಿಜ. ಅವಳ ಆಟದ ನೀಲಿ ಇಟ್ಟಿಗೆ ಕಸಿದುಕೊಂಡ ಜಡೆಯ ಹುಡುಗಿ ಐದು ಸಲ ಕಿರುಚಿದಳು. ಅವಳನ್ನು ಯಾರೂ ಮನೆಗೆ ಕಳಿಸಲಿಲ್ಲ. ಮೇಡಂ ಬಾಗಿಲಲ್ಲಿ ಮೂರು ಸಲ ಇಣುಕಿ ಹೋದಳು. ಒಳಗೆ ಬರುವಷ್ಟು ಬೆನ್ನೆಲುಬು ಇರಲಿಲ್ಲ.

ಸಂಜೆ ಮಗಳು ಕೆಲಸದಿಂದ ಕುಣಿಯುತ್ತ ಬಂದಳು. “ಅಮ್ಮಾ, ಮೇಡಂ ಫೋನ್ ಮಾಡಿದ್ರು! ನಾಳೆಯಿಂದ ಪೂರ್ತಿ ಹೊತ್ತು ಅಂತೆ, ಅವರೇ ಯೋಚನೆ ಮಾಡಿ ತೀರ್ಮಾನ ಮಾಡಿದ್ರಂತೆ. ಎಷ್ಟು ಒಳ್ಳೆಯವರು ಅಲ್ವಾ?”

“ತುಂಬಾ,” ಎಂದಳು ಅಜ್ಜಿ. ಬೆಳಗಿನ ಸಂಗತಿಯನ್ನೆಲ್ಲ ಹೇಳಬಹುದಿತ್ತು. ಆದರೆ ನಾಲ್ಕು ತಿಂಗಳು ಗೇಟಿನಲ್ಲಿ ನಿಂತು, ಆ ದನಿಯ ಗುರುತು ಹತ್ತಿಯೂ “ಆಯ್ತು ಮೇಡಂ” ಎಂದು ತಲೆಯಾಡಿಸಿದ್ದವಳು ತಾನೇ. ಆ ನೆನಪಿಗೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಒಂದಕ್ಕೆ ಕರೆಯಲು ಹೋದಾಗ ಗುಂಡಮ್ಮ ಮನೆಗೆ ಬರಲೊಲ್ಲೆನೆಂದು ತರಗತಿಯ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಳು.